ನಾಯಿಯ ಕೀಲಿಗೆ ಸ್ಟೆಮ್ ಸೆಲ್ ಸೂಜಿ: ಮುಂಬಯಿಯಲ್ಲಿ ಹಾಕಿಸುವ ಮೊದಲು, ಹಾಕಿಸಿದ ಮೇಲೆ

ಪ್ರಶ್ನೆ ಪ್ರತಿ ಸಲವೂ ಹೆಚ್ಚುಕಮ್ಮಿ ಹೀಗೇ ಬರುತ್ತದೆ: "ನಮ್ಮ ಲ್ಯಾಬ್ರಡಾರ್‌ಗೆ ಹತ್ತು ವರ್ಷ. ಬೆಳಿಗ್ಗೆ ಏಳೋಕೇ ಒದ್ದಾಡ್ತಾನೆ. ಡಾಕ್ಟ್ರು ಸ್ಟೆಮ್ ಸೆಲ್ ಇಂಜೆಕ್ಷನ್ ಅಂದ್ರು. ಹಾಕಿಸೋದಾ, ಬೇಡ್ವಾ?" ಡೊಂಬಿವಲಿಯಿಂದ ಕೇಳುತ್ತಾರೆ, ಮುಲುಂದಿನಿಂದ ಕೇಳುತ್ತಾರೆ, ಮೊನ್ನೆ ಮಾಟುಂಗದ ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತಾಗಲೂ ಕೇಳಿದರು. ಸಾರು ಬಡಿಸುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲವಾದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ನಾನು ಪಶುವೈದ್ಯನಲ್ಲ, ಎರಡು ಮುದಿ ನಾಯಿಗಳನ್ನು ಈ ದಾರಿಯಲ್ಲಿ ನಡೆಸಿದವನು. ಔಷಧಿ, ಪ್ರಮಾಣ, ದಿನ ಇವನ್ನು ನಿಮ್ಮ ವೈದ್ಯರೇ ನಿರ್ಧರಿಸಬೇಕು. ಅವರ ಮುಂದೆ ಏನು ಹೊತ್ತು ಹೋಗಬೇಕು, ಏನು ಕೇಳಬೇಕು ಎಂಬುದಷ್ಟು ನನ್ನದು.

ಮೊದಲು ಪದಗಳು ಗೊತ್ತಿರಲಿ. ಎರಡು ಎಲುಬು ಸೇರುವಲ್ಲಿ ನುಣುಪಾದ ಮೆತ್ತೆಯೊಂದು ಇರುತ್ತದೆ. ಅದೇ ಕಾರ್ಟಿಲೇಜ್, ಕನ್ನಡದಲ್ಲಿ ಮೃದ್ವಸ್ಥಿ. ಅದಕ್ಕೆ ರಕ್ತನಾಳಗಳಿಲ್ಲ, ಹಾಗಾಗಿ ಒಮ್ಮೆ ಸವೆದರೆ ಚರ್ಮದ ಗಾಯದಂತೆ ತಾನಾಗಿ ಮಾಯುವುದಿಲ್ಲ. ಸವೆತದ ಜೊತೆಗೆ ಕೀಲಿನೊಳಗೆ ಉರಿಯೂತ ಸೇರಿ ನೋವಾಗುವುದನ್ನು ವೈದ್ಯರು ಆಸ್ಟಿಯೋಆರ್ಥ್ರೈಟಿಸ್ ಎನ್ನುತ್ತಾರೆ. ಇಲ್ಲಿ ನಾನು ಕೀಲುಸವೆತ ಎಂದೇ ಕರೆಯುತ್ತೇನೆ. ಸ್ಟೆಮ್ ಸೆಲ್ ಎಂದರೆ ಆಕರಕೋಶ, ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಕೋಶ. ಕೀಲಿಗೆ ಬಳಸುವುದು ಕೊಬ್ಬು, ಎಲುಬಿನ ಮಜ್ಜೆ ಅಥವಾ ಹೊಕ್ಕುಳಬಳ್ಳಿಯಿಂದ ತೆಗೆದ ಮೀಸೆಂಕೈಮಲ್ ಎಂಬ ಜಾತಿಯವನ್ನು.

ಇಲ್ಲೇ ಬಹುಪಾಲು ಜನ ಎಡವುತ್ತಾರೆ. ಸೂಜಿಯಲ್ಲಿ ಹೋದ ಕೋಶ ಹೊಸ ಮೃದ್ವಸ್ಥಿಯಾಗಿ ಬೆಳೆದು ಕೀಲು ಹೊಸದಾಗುತ್ತದೆ ಎಂದುಕೊಳ್ಳುತ್ತಾರೆ. ಈಗಿನ ತಿಳಿವಳಿಕೆಯ ಪ್ರಕಾರ ಆ ಕೋಶಗಳು ಕೀಲಿನಲ್ಲಿ ಬಹುಕಾಲ ಉಳಿಯುವುದೇ ಇಲ್ಲ. ಇರುವಷ್ಟು ದಿನ ಅವು ಬಿಡುಗಡೆ ಮಾಡುವ ರಾಸಾಯನಿಕಗಳು ಉರಿಯೂತವನ್ನು ತಗ್ಗಿಸುತ್ತವೆ, ನೋವು ಇಳಿಯುತ್ತದೆ. 1991ರಲ್ಲಿ ಈ ಕೋಶಗಳಿಗೆ ಮೀಸೆಂಕೈಮಲ್ ಸ್ಟೆಮ್ ಸೆಲ್ ಎಂದು ಹೆಸರಿಟ್ಟ ಅಮೆರಿಕದ ಜೀವವಿಜ್ಞಾನಿ ಆರ್ನಾಲ್ಡ್ ಕ್ಯಾಪ್ಲಾನ್ ಅವರೇ 2017ರಲ್ಲಿ, ಆ ಹೆಸರು ಜನರನ್ನು ದಾರಿತಪ್ಪಿಸುತ್ತಿದೆ, ಬದಲಿಸೋಣ ಎಂದು ಬರೆದರು. ಹೆಸರಿಟ್ಟವರೇ ಹಿಂದೆಗೆದರೂ ಜಾಹೀರಾತು ಹಿಂದೆಗೆದಿಲ್ಲ. "ಕೀಲು ಮರುಹುಟ್ಟು ಪಡೆಯುತ್ತದೆ" ಎಂದು ಯಾರಾದರೂ ಹೇಳಿದರೆ ಆ ಕ್ಲಿನಿಕ್‌ನಲ್ಲಿ ಉಳಿದದ್ದನ್ನೂ ಎಚ್ಚರದಿಂದ ಕೇಳಿಸಿಕೊಳ್ಳಿ.

1. ಕುಂಟುತ್ತಿರುವುದು ಕೀಲುಸವೆತದಿಂದಲೇ?

ವಯಸ್ಸಾದ ನಾಯಿ ಕುಂಟಿದರೆ "ಸಂಧಿವಾತ" ಎಂದು ನಾವೇ ತೀರ್ಪು ಕೊಟ್ಟುಬಿಡುತ್ತೇವೆ. ಮೊಣಕಾಲಿನೊಳಗಿನ ಕ್ರೂಸಿಯೇಟ್ ಎಂಬ ಅಸ್ಥಿಬಂಧ ಹರಿದಿರಬಹುದು. ಅದಕ್ಕೆ ಬಹಳ ಸಲ ಶಸ್ತ್ರಚಿಕಿತ್ಸೆಯೇ ಬೇಕು, ಸೂಜಿಯಿಂದ ಕೆಲಸವಾಗದು. ಬೆನ್ನುಹುರಿಯ ತೊಂದರೆ ಇರಬಹುದು. ರಾಟ್‌ವೈಲರ್, ಗ್ರೇಟ್ ಡೇನ್‌ನಂಥ ದೊಡ್ಡ ತಳಿಗಳಲ್ಲಿ ಎಲುಬಿನ ಕ್ಯಾನ್ಸರ್ ಕೂಡ ಮೊದಮೊದಲು ಬರೀ ಕುಂಟಿನಂತೆಯೇ ಕಾಣುತ್ತದೆ. ಗಡ್ಡೆ ಇರುವ ಮೈಗೆ ಬೆಳವಣಿಗೆಯ ಸಂಕೇತ ಕೊಡುವ ಕೋಶಗಳನ್ನು ಹಾಕಲೇಬಾರದು.

ನಮ್ಮ ಊರಿಗೆ ಇನ್ನೊಂದಿದೆ: ಉಣ್ಣಿ ಜ್ವರ, ಡಾಕ್ಟರರ ಬಾಯಲ್ಲಿ ಟಿಕ್ ಫೀವರ್. ಕಂದು ಬಣ್ಣದ ಉಣ್ಣಿ ಕಚ್ಚಿ ಎರ್ಲಿಕಿಯಾ ಎಂಬ ರೋಗಾಣು ರಕ್ತಕ್ಕೆ ಸೇರಿದರೆ ಜ್ವರ ಕಾಣದೆಯೂ ಕೀಲುಗಳು ನೋಯಬಹುದು, ಇವತ್ತು ಒಂದು ಕಾಲು, ನಾಳೆ ಇನ್ನೊಂದು. ಜೊತೆಗೆ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಇಳಿಯುತ್ತದೆ. ಆರೋಗ್ಯವಂತ ನಾಯಿಯಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 2ರಿಂದ 5 ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. ಅದು ಕುಸಿದಿರುವ ನಾಯಿಗೆ ಅದರದೇ ರಕ್ತದಿಂದ ಪಿಆರ್‌ಪಿ ಎಂಬ ಪ್ಲೇಟ್‌ಲೆಟ್ ದಟ್ಟವಾದ ಸೂಜಿಮದ್ದು ಮಾಡಿ ಹಾಕಿದರೆ ಖಾಲಿ ಕೊಡದಿಂದ ನೀರು ಬಗ್ಗಿಸಿದ ಹಾಗೆ. ಪಿಆರ್‌ಪಿಯ ವಿವರ ನಾಲ್ಕನೆಯ ಹಂತದಲ್ಲಿ ಹೇಳುತ್ತೇನೆ. ಆದ್ದರಿಂದ ಯಾವ ಕೋಶದ ಮಾತಿಗೂ ಮುಂಚೆ ಪೂರ್ಣ ರಕ್ತಪರೀಕ್ಷೆ, ಉಣ್ಣಿ ಜ್ವರದ ಪರೀಕ್ಷೆ, ಮೂತ್ರಪಿಂಡ ಮತ್ತು ಯಕೃತ್ತಿನ ವರದಿ ಕೈಯಲ್ಲಿರಲಿ.

ಎಕ್ಸ್‌ರೇ ಮಂಪರು ಕೊಟ್ಟೇ ತೆಗೆಯಬೇಕು. ನಾಯಿಯನ್ನು ಇಬ್ಬರು ಹಿಡಿದು ತೆಗೆದ ಸೊಂಟದ ಚಿತ್ರ ಓರೆಯಾಗಿರುತ್ತದೆ, ಅದರಿಂದ ಏನೂ ತಿಳಿಯದು. ಚಿತ್ರದ ಪ್ರತಿಯನ್ನು ಮೊಬೈಲಿಗೆ ಹಾಕಿಸಿಕೊಳ್ಳಿ. ಖಾಸಗಿ ಕ್ಲಿನಿಕ್ ದುಬಾರಿ ಎನಿಸಿದರೆ ಪರೇಲ್ ಇದೆ. 1886ರಲ್ಲಿ ಶುರುವಾದ ಬಾಂಬೆ ವೆಟರ್ನರಿ ಕಾಲೇಜು ಮತ್ತು ಅದರ ಆವರಣದ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಅಲ್ಲಿದೆ. ಟ್ಯಾಕ್ಸಿಯವನಿಗೆ ಇಷ್ಟುದ್ದದ ಹೆಸರು ಹೇಳಬೇಡಿ, "ಬೈಲ್ ಘೋಡಾ ಹಾಸ್ಪಿಟಲ್" ಎಂದರೆ ಸಾಕು. ಮಹಾಲಕ್ಷ್ಮಿಯಲ್ಲಿ 2024ರಲ್ಲಿ ತೆರೆದ ಟಾಟಾ ಟ್ರಸ್ಟ್ಸ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆಯೂ ಇದೆ. ಸೂಜಿ ಸೂಚಿಸಿದವರನ್ನು ಬಿಟ್ಟು ಬೇರೆಯವರಿಂದ ಎರಡನೇ ಅಭಿಪ್ರಾಯ ಪಡೆಯುವುದಕ್ಕೆ ಸಂಕೋಚ ಬೇಡ.

2. ಮೊದಲೇ ಅಳೆದಿಡಿ

ಇದನ್ನು ಬಿಟ್ಟರೆ ಉಳಿದದ್ದೆಲ್ಲ ಮಾಡಿಯೂ ಪ್ರಯೋಜನ ಕಡಿಮೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸೂಜಿ ಹಾಕಿಸಿದ ಬಹುತೇಕ ಎಲ್ಲರೂ "ಪರವಾಗಿಲ್ಲ, ಚೆನ್ನಾಗಿದ್ದಾನೆ" ಎನ್ನುತ್ತಾರೆ. ನಾನೂ ಅಂದಿದ್ದೆ. ದುಡ್ಡು ಕೊಟ್ಟ ಮೇಲೆ, ಮನಸ್ಸು ಒಳ್ಳೆಯದನ್ನೇ ಬಯಸುವಾಗ, ಕಣ್ಣು ಮನಸ್ಸಿನ ಕಡೆಗೇ ವಾಲುತ್ತದೆ. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಇದನ್ನೇ ಅಳೆಯಿತು. ಕೀಲುಸವೆತದಿಂದ ಕುಂಟುವ, ಆದರೆ ಬರೀ ಸಪ್ಪೆ ಮಾತ್ರೆ ಸಿಕ್ಕ 58 ನಾಯಿಗಳ ನಡಿಗೆಯನ್ನು ಯಂತ್ರದ ಮೇಲೆ ತೂಗಿ, ಮಾಲೀಕರ ಮಾತಿನೊಂದಿಗೆ ಹೋಲಿಸಿದರು. ಕಾಲಿನ ಮೇಲೆ ಬೀಳುವ ಭಾರ ಸುಧಾರಿಸದಿದ್ದರೂ ಶೇ. 57ರಷ್ಟು ಸಲ ಮಾಲೀಕರಿಗೆ ಸುಧಾರಣೆ "ಕಂಡಿತ್ತು". ವೈದ್ಯರ ಕಣ್ಣೂ ಹೊರತಲ್ಲ, ಅವರಿಗೂ ಶೇ. 40-45ರಷ್ಟು ಸಲ ಹಾಗೇ ಕಂಡಿತ್ತು. ಮದ್ದಿಲ್ಲದ ಮಾತ್ರೆಯೂ ಗುಣ ಕೊಟ್ಟಂತೆ ತೋರುವ ಈ ಭ್ರಮೆಯೇ ಪ್ಲಸೀಬೊ. ನಾಯಿ ಮಾತ್ರೆ ನುಂಗುತ್ತದೆ, ಭ್ರಮೆ ನಮಗೆ ಹತ್ತುತ್ತದೆ.

ಇನ್ನೊಂದು ಲೆಕ್ಕ. ಬೇರೆ ನಾಯಿಗಳ ಕೊಬ್ಬಿನಿಂದ ಬೆಳೆಸಿದ ಕೋಶಗಳನ್ನು ಕೀಲಿಗೆ ಹಾಕಿ ನೋಡಿದ 2016ರ ಪ್ರಯೋಗವೊಂದರಲ್ಲಿ, ಯಾವ ನಾಯಿಗೆ ಯಾವುದು ಎಂದು ಮಾಲೀಕರಿಗೆ ಹೇಳದೆಯೇ ಪರೀಕ್ಷಿಸಿದಾಗ, ಕೋಶ ಪಡೆದವುಗಳಲ್ಲಿ ಶೇ. 79ರಷ್ಟು, ಬರೀ ಉಪ್ಪುನೀರು ಪಡೆದವುಗಳಲ್ಲಿ ಶೇ. 55ರಷ್ಟು ಯಶಸ್ಸು ದಾಖಲಾಯಿತು. ಚಿಕಿತ್ಸೆಯಿಂದ ಗುಣವಿದೆ ಎಂಬುದಕ್ಕೆ ಇದು ಸಾಕ್ಷಿ. ಆ ಗುಣ 79 ಅಲ್ಲ, ನಡುವಿನ ಅಂತರ ಎಂಬುದಕ್ಕೂ ಇದೇ ಸಾಕ್ಷಿ.

ಹಾಗಾಗಿ ಸೂಜಿಗೆ ಎರಡು ವಾರ ಮುಂಚೆ ಹೀಗೆ ಮಾಡಿ. ನಿಮ್ಮ ನಾಯಿ ದಿನವೂ ಮಾಡುವ, ಈಗ ಕಷ್ಟಪಡುವ ಮೂರು ಕೆಲಸ ಆರಿಸಿ: ನಿದ್ದೆಯಿಂದ ಏಳುವುದು, ಕಟ್ಟಡದ ಮೊದಲ ಎಂಟು ಮೆಟ್ಟಿಲು, ಗೇಟಿನಿಂದ ಮೂಲೆಯ ಪಾನ್ ಅಂಗಡಿವರೆಗಿನ ನಡಿಗೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಟ್ಟು ಕ್ಯಾಲೆಂಡರಿನಲ್ಲಿ ಬರೆಯಿರಿ. ವಾರಕ್ಕೊಮ್ಮೆ ಅದೇ ಜಾಗ, ಅದೇ ಹೊತ್ತು, ಅದೇ ನೆಲದ ಮೇಲೆ ಮೊಬೈಲಿನಲ್ಲಿ ವಿಡಿಯೋ ತೆಗೆಯಿರಿ. ಪಕ್ಕದಿಂದ ಒಂದು, ಹಿಂದಿನಿಂದ ಒಂದು. ಫೋನನ್ನು ನಾಯಿಯ ಎತ್ತರಕ್ಕೆ ಇಳಿಸಿ ಹಿಡಿಯಿರಿ, ಮೇಲಿಂದ ತೆಗೆದದ್ದರಲ್ಲಿ ಕುಂಟು ಕಾಣುವುದಿಲ್ಲ. ವಿದೇಶಗಳಲ್ಲಿ ಲೋಡ್ ಎಂಬ 13 ಪ್ರಶ್ನೆಗಳ ಪಟ್ಟಿ ಬಳಸುತ್ತಾರೆ. ನಿಮ್ಮ ವೈದ್ಯರ ಬಳಿ ಇದ್ದರೆ ಅದನ್ನೇ ತುಂಬಿ.

3. ತೂಕ ಮತ್ತು ನೆಲ

ಸೂಜಿಯ ಮುಂಗಡ ಕೊಡುವ ಮುನ್ನ ಎಂಟು ವಾರ ಇದಕ್ಕೆ ಕೊಡಿ. ಬೊಜ್ಜಿರುವ ನಾಯಿಯ ತೂಕ ಬರೀ ಶೇ. 6ರಷ್ಟು ಇಳಿದರೂ ಕುಂಟು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. 36 ಕಿಲೋ ಲ್ಯಾಬ್ರಡಾರ್‌ಗೆ ಅದು ಎರಡು ಕಿಲೋ ಚಿಲ್ಲರೆ. ಮನೆಯಲ್ಲಿ ಯಾರ್‍ಯಾರು ಏನೇನು ಹಾಕುತ್ತಾರೆ ಎಂದು ಒಂದು ವಾರ ಬರೆದಿಡಿ. ಅಜ್ಜಿಯ ಚಹಾದ ಜೊತೆಯ ಬಿಸ್ಕತ್ತು, ಮಕ್ಕಳ ತಟ್ಟೆಯ ಚಪಾತಿ ಅಂಚು, ವಾಚ್‌ಮನ್ ಕೊಡುವ ಪಾವ್, ರಾತ್ರಿ ಉಳಿದ ಮೊಸರನ್ನ. ಪಟ್ಟಿ ನೋಡಿದರೆ ನಿಮಗೇ ನಗು ಬರುತ್ತದೆ.

ನೆಲದ ವಿಷಯ. ಮುಂಬಯಿ ಫ್ಲ್ಯಾಟುಗಳ ವಿಟ್ರಿಫೈಡ್ ಟೈಲ್ಸ್ ಮುದಿ ನಾಯಿಗೆ ಮಂಜುಗಡ್ಡೆಯಂತೆ. ಮಲಗುವ ಜಾಗದಿಂದ ನೀರಿನ ಬಟ್ಟಲಿನವರೆಗೆ, ಅಲ್ಲಿಂದ ಬಾಗಿಲವರೆಗೆ ಹಳೇ ಯೋಗ ಮ್ಯಾಟ್ ಅಥವಾ ಜಾರದ ರಬ್ಬರ್ ಹಾಸು ಹಾಕಿ. ಪಾದದಡಿಯ ಕೂದಲು, ಉಗುರು ಕತ್ತರಿಸಿ. ಬೀಚಿನ ಮೆತ್ತನೆ ಮರಳಿನಲ್ಲಿ ಓಡಿಸಿದರೆ ಒಳ್ಳೆಯದು ಎಂಬ ನಂಬಿಕೆ ತಪ್ಪು. ಹುಗಿಯುವ ಮರಳಿನಲ್ಲಿ ಕೀಲಿಗೆ ಶ್ರಮ ಹೆಚ್ಚು. ಲಿಫ್ಟಿನಲ್ಲಿ ನಾಯಿ ತರಬೇಡಿ ಎಂದು ಸೊಸೈಟಿಯವರು ತಕರಾರು ಮಾಡಿದರೆ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರತಿ ತೋರಿಸಿ. ಸಾಕುಪ್ರಾಣಿಗೆ ಲಿಫ್ಟ್ ನಿರಾಕರಿಸುವಂತಿಲ್ಲ ಎಂದು ಅದರಲ್ಲಿದೆ.

ನೋವಿನ ಮಾತ್ರೆಯ ಬಗ್ಗೆ ಒಂದು ಗಟ್ಟಿ ಎಚ್ಚರಿಕೆ. ಮನೆಯ ಡಬ್ಬಿಯಲ್ಲಿರುವ ಕಾಂಬಿಫ್ಲಾಮ್, ವೊವೆರಾನ್ ಕೊಡಲೇಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಲ್ಲವು, ಮೂತ್ರಪಿಂಡ ಕೆಡಿಸಬಲ್ಲವು. ಬೆಕ್ಕಿಗೆ ಪ್ಯಾರಾಸಿಟಮಾಲ್ ಒಂದು ಮಾತ್ರೆಯೂ ಪ್ರಾಣಾಪಾಯ. ಔಷಧಿ ಸೇರಿದ ದನದ ಹೆಣ ತಿಂದ ರಣಹದ್ದುಗಳ ಸಾವಿನಿಂದಾಗಿ ಪಶುಗಳಿಗೆ ಡೈಕ್ಲೋಫೆನಾಕ್ 2006ರಿಂದಲೇ ನಿಷಿದ್ಧ. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ಆ ಪಟ್ಟಿಗೆ ಸೇರಿದವು. ವೈದ್ಯರು ತೂಕ ನೋಡಿ ಬರೆದ ಮೆಲಾಕ್ಸಿಕಾಮ್‌ನಂಥದ್ದು ಬೇರೆ ಮಾತು.

ಈ ಎಂಟು ವಾರದಲ್ಲೇ ನಾಯಿ ಮೆಟ್ಟಿಲು ಹತ್ತತೊಡಗಿದರೆ ಮುಂದಿನದನ್ನು ಓದಿ ಸುಮ್ಮನೆ ಇಟ್ಟುಕೊಳ್ಳಿ.

4. ಯಾವ ಸೂಜಿ?

"ರೀಜೆನರೇಟಿವ್" ಎಂಬ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ಸಾಮಾನು ಮಾರುತ್ತಾರೆ.

ಪಿಆರ್‌ಪಿ ಎಂದರೆ ಪ್ಲೇಟ್‌ಲೆಟ್ ಹೆಚ್ಚಿರುವ ಪ್ಲಾಸ್ಮಾ. ನಾಯಿಯದೇ ರಕ್ತ ತೆಗೆದು, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗಿರಗಿರ ತಿರುಗಿಸಿ, ಪ್ಲೇಟ್‌ಲೆಟ್ ದಟ್ಟವಾಗಿರುವ ಪದರವನ್ನು ಕೀಲಿಗೆ ಹಾಕುವುದು. ಇದರಲ್ಲಿ ಆಕರಕೋಶ ಇಲ್ಲ. ಅರ್ಧ ದಿನದ ಕೆಲಸ, ಖರ್ಚೂ ಉಳಿದವಕ್ಕಿಂತ ಕಡಿಮೆ. ಪಿಆರ್‌ಪಿ ಹಾಕಿ ಸ್ಟೆಮ್ ಸೆಲ್ ಎಂದು ಬಿಲ್ ಮಾಡುವುದು ಮೊದಲ ಮೋಸ, ಗಮನವಿರಲಿ.

ಎರಡನೆಯದು ನಾಯಿಯ ಸ್ವಂತ ಕೊಬ್ಬಿನ ಕೋಶ. ಅರಿವಳಿಕೆ ಕೊಟ್ಟು ಹೊಟ್ಟೆ ಅಥವಾ ತೊಡೆಸಂದಿಯಿಂದ ಒಂದಿಷ್ಟು ಕೊಬ್ಬು ತೆಗೆಯುತ್ತಾರೆ. ಅದನ್ನು ಕಿಣ್ವದಿಂದ ಕರಗಿಸಿ ಅದೇ ದಿನ ವಾಪಸ್ ಹಾಕಬಹುದು. ಆಗ ಅದು ಹಲವು ಬಗೆಯ ಕೋಶಗಳ ಮಿಶ್ರಣ, ಆಕರಕೋಶದ ಪಾಲು ಸಣ್ಣದು. ಅಥವಾ ಪ್ರಯೋಗಾಲಯದಲ್ಲಿ ಎರಡು ಮೂರು ವಾರ ಬೆಳೆಸಿ ಸಂಖ್ಯೆ ಹೆಚ್ಚಿಸಿ ಹಾಕಬಹುದು. ಹೃದಯ ದುರ್ಬಲವಾದ ಮುದಿ ನಾಯಿಗೆ ಅರಿವಳಿಕೆ ಎರಡು ಸಲ ಬೇಕೇ ಎಂದು ಯೋಚಿಸಿ.

ಮೂರನೆಯದು ದಾನಿ ಪ್ರಾಣಿಯಿಂದ ಬೆಳೆಸಿ, ಬಹಳ ಸಲ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಟ್ಟ ಕೋಶ. ಯುರೋಪಿಯನ್ ಒಕ್ಕೂಟ ತನ್ನ ಔಷಧ ಸಂಸ್ಥೆಯ ಶಿಫಾರಸಿನ ಮೇಲೆ ಕುದುರೆಗಳ ಕೀಲಿಗೆ ಇಂಥ ಎರಡು ಔಷಧಿಗಳಿಗೆ, ಅರ್ಟಿಸೆಲ್ ಫೋರ್ಟೆ ಮತ್ತು ಹಾರ್ಸ್‌ಟೆಮ್‌ಗೆ, 2019ರಲ್ಲಿ ಒಪ್ಪಿಗೆ ಕೊಟ್ಟಿತು. 2022ರಲ್ಲಿ ನಾಯಿಗಳಿಗೆ ಡಾಗ್‌ಸ್ಟೆಮ್ ಬಂತು. ಅದರೊಳಗಿರುವುದು ಕುದುರೆಯ ಹೊಕ್ಕುಳಬಳ್ಳಿಯ ಕೋಶ ಎಂದರೆ ಆಶ್ಚರ್ಯವಾಗಬಹುದು. ಒಪ್ಪಿಗೆಯ ಮಿತಿಯನ್ನೂ ನೋಡಿ: ಮೊಣಕೈ ಅಥವಾ ಸೊಂಟದ ಕೀಲು, ಸೌಮ್ಯದಿಂದ ಮಧ್ಯಮ ಮಟ್ಟದ ಸವೆತ. ಎಲುಬಿಗೆ ಎಲುಬು ಉಜ್ಜುವ ಹಂತಕ್ಕೆ ಹೋದ ಕೀಲು ಅದರಲ್ಲಿಲ್ಲ. ಆ ಒಪ್ಪಿಗೆ ಅಲ್ಲಿಯದು. ಇಲ್ಲಿ ನಿಮ್ಮ ಮುಂದಿಡುವ ಸೀಸೆ ಅದೇ ಎಂದು ಭಾವಿಸಬೇಡಿ.

ನಾಲ್ಕನೆಯದು ಎಕ್ಸೋಸೋಮ್, ಕೋಶಗಳು ಹೊರಬಿಡುವ ಅತಿಸಣ್ಣ ಗುಳ್ಳೆಗಳು. ಕೇಳಲು ಚೆಂದ, ನಾಯಿಗಳಲ್ಲಿ ಪುರಾವೆ ತೆಳು. ನಾನಾದರೆ ಇದಕ್ಕೆ ದುಡ್ಡು ಹಾಕುವುದಿಲ್ಲ. "ಸ್ಟೆಮ್ ಸೆಲ್ ಮಾತ್ರೆ", "ಸ್ಟೆಮ್ ಸೆಲ್ ಪುಡಿ" ಎಂಬವಂತೂ ಬೇಡವೇ ಬೇಡ. ಡಬ್ಬಿಯಲ್ಲಿ ಕಪಾಟಿನ ಮೇಲೆ ಕೂತಿರುವ ಕೋಶ ಬದುಕಿರುವುದಿಲ್ಲ.

5. ಕ್ಲಿನಿಕ್‌ನಲ್ಲಿ ಕೇಳಬೇಕಾದದ್ದು

ಮೆತ್ತಗೆ ಕೇಳಿ, ಆದರೆ ಉತ್ತರ ಬರಹದಲ್ಲಿ ಪಡೆಯಿರಿ. ಕೋಶ ಯಾವ ಪ್ರಾಣಿಯದು, ಯಾವ ಅಂಗಾಂಶದ್ದು? ಬೆಳೆಸಿದ ಪ್ರಯೋಗಾಲಯ ಯಾವುದು, ಅದಕ್ಕೆ ಯಾವ ಪರವಾನಗಿ ಇದೆ? ಒಂದು ಕೀಲಿಗೆ ಎಷ್ಟು ಕೋಶ, ಅದರಲ್ಲಿ ಜೀವಂತ ಶೇಕಡಾ ಎಷ್ಟು? ಬ್ಯಾಕ್ಟೀರಿಯಾ, ಶಿಲೀಂಧ್ರ ಇಲ್ಲವೆಂಬ ಪರೀಕ್ಷಾ ವರದಿ ಇದೆಯೇ? ಕೀಲಿನೊಳಗೆ ಸೂಜಿ ಹಾಕುವವರು ಯಾರು, ಅವರು ಶಸ್ತ್ರಚಿಕಿತ್ಸೆಯಲ್ಲಿ ಎಂವಿಎಸ್‌ಸಿ (ಪಶುವೈದ್ಯದ ಸ್ನಾತಕೋತ್ತರ ಪದವಿ) ಮಾಡಿದವರೇ, ರಾಜ್ಯ ಪಶುವೈದ್ಯ ಮಂಡಳಿಯ ನೋಂದಣಿ ಸಂಖ್ಯೆ ಏನು? ನೋಂದಣಿ ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ.

ನನ್ನ ಮೊದಲ ನಾಯಿಯ ಸಮಯದಲ್ಲಿ ಉಪನಗರದ ಒಂದು ಕ್ಲಿನಿಕ್ ಚೀಟಿಯೇ ಇಲ್ಲದ ಸೀಸೆ ತಂದಿತ್ತು, ಬ್ಯಾಚ್ ಸಂಖ್ಯೆ ಕೇಳಿದ್ದಕ್ಕೆ "ನಂಬಿಕೆ ಇಡಿ ಸಾರ್" ಎಂದರು. ನಾಯಿಯನ್ನು ಎಬ್ಬಿಸಿಕೊಂಡು ಬಂದೆ.

ದರಪಟ್ಟಿಯೂ ಲಿಖಿತವಾಗಿರಲಿ. ಎಕ್ಸ್‌ರೇ, ರಕ್ತಪರೀಕ್ಷೆ, ಮಂಪರು, ಕೊಬ್ಬು ತೆಗೆಯುವುದು, ಬೆಳೆಸುವುದು, ಮರುಭೇಟಿ ಎಲ್ಲ ಸೇರಿ ಎಷ್ಟು? ದರ ಒಂದು ಕೀಲಿಗೋ, ಒಂದು ನಾಯಿಗೋ? ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ.

6. ದಿನ ಗೊತ್ತುಮಾಡುವುದು, ಆ ದಿನ

ಗಣಪತಿ ಮತ್ತು ದೀಪಾವಳಿಯ ಹಿಂದುಮುಂದಿನ ಎರಡು ವಾರ ಬಿಡಿ. ಪಟಾಕಿಗೆ ಬೆಚ್ಚಿದ ನಾಯಿ ಸೋಫಾದಿಂದ ಹಾರಿದರೆ ವಿಶ್ರಾಂತಿಯ ಅಷ್ಟೂ ಲೆಕ್ಕ ತಪ್ಪುತ್ತದೆ. ಜುಲೈ ಮಳೆಯಲ್ಲೂ ಕಷ್ಟ. ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಕರಗಿಸಿದ ಕೋಶ ಕಾಯುವುದಿಲ್ಲ, ಕೆಲವೇ ಗಂಟೆಗಳಲ್ಲಿ ಬಳಸಬೇಕು. ನೀವು ಬಂದು ತಲುಪಿದ ಮೇಲೆಯೇ ಸೀಸೆ ಕರಗಿಸಲು ಹೇಳಿ. ನವೆಂಬರ್ ಕೊನೆಯಿಂದ ಫೆಬ್ರವರಿ ಹಿತ.

ನೋವಿನ ಮಾತ್ರೆ ನಡೆಯುತ್ತಿದ್ದರೆ ಯಾವಾಗ ನಿಲ್ಲಿಸಬೇಕು ಎಂದು ಕೇಳಿ. ಪಿಆರ್‌ಪಿಗೆ ಮುಂಚೆ ಸಾಮಾನ್ಯವಾಗಿ ನಿಲ್ಲಿಸಲು ಹೇಳುತ್ತಾರೆ, ಏಕೆಂದರೆ ಆ ಮಾತ್ರೆ ಪ್ಲೇಟ್‌ಲೆಟ್ ಕೆಲಸಕ್ಕೆ ಅಡ್ಡ ಬರುತ್ತದೆ. ಹಿಂದಿನ ತಿಂಗಳುಗಳಲ್ಲಿ ಸ್ಟೆರಾಯ್ಡ್ ಸೂಜಿ ಆಗಿದ್ದರೆ ಮರೆಯದೆ ತಿಳಿಸಿ. ಮಂಪರಿಗೆ ಸಾಮಾನ್ಯವಾಗಿ ಆರೆಂಟು ಗಂಟೆ ಖಾಲಿ ಹೊಟ್ಟೆ ಬೇಕು. ಮನೆಯವರೆಲ್ಲರಿಗೂ ಹೇಳಿ, ಇಲ್ಲವಾದರೆ ಅಜ್ಜಿ ಬಿಸ್ಕತ್ತು ಹಾಕಿಯೇ ಹಾಕುತ್ತಾರೆ.

ಕೀಲಿನ ಮೇಲಿನ ಕೂದಲು ಬೋಳಿಸಿ, ಶಸ್ತ್ರಚಿಕಿತ್ಸೆಗೆ ತೊಳೆಯುವ ಹಾಗೆ ತೊಳೆದು, ಕ್ರಿಮಿಮುಕ್ತ ಕೈಗವಸು ಹಾಕಿಯೇ ಸೂಜಿ ಹಾಕಬೇಕು. ಸ್ಪಿರಿಟ್ ಹತ್ತಿಯಿಂದ ಒಮ್ಮೆ ಒರೆಸಿ ಚುಚ್ಚುವುದು ಕಂಡರೆ ತಡೆಯಿರಿ. ಸೀಸೆಯ ಚೀಟಿಯ ಫೋಟೋ ತೆಗೆದುಕೊಳ್ಳಿ.

7. ಮನೆಗೆ ಬಂದ ಮೇಲೆ

ಮೊದಲ ಎರಡು ಮೂರು ದಿನ ಕೀಲು ಸ್ವಲ್ಪ ಊದಿ, ಕುಂಟು ಮೊದಲಿಗಿಂತ ಹೆಚ್ಚಾದರೆ ಗಾಬರಿ ಬೇಡ. ಆದರೆ ಕಾಲನ್ನು ನೆಲಕ್ಕೇ ಇಡದಿದ್ದರೆ, ಕೀಲು ಬಿಸಿಯಾಗಿ ಬಿಗಿದುಕೊಂಡರೆ, ಊಟ ಬಿಟ್ಟರೆ, ಮೈಬಿಸಿ 39.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದೇ ದಿನ ಹೋಗಿ. ನಾಯಿಯ ಸಹಜ ಮೈಬಿಸಿ ಸುಮಾರು 38.3ರಿಂದ 39.2 ಇರುತ್ತದೆ, ನಮ್ಮ ಲೆಕ್ಕ ಹಾಕಬೇಡಿ. ಕೀಲಿನೊಳಗೆ ಸೋಂಕು ಅಪರೂಪ, ಬಂದರೆ ತುರ್ತು. ರಾತ್ರಿಯೂ ತೆರೆದಿರುವ ಆಸ್ಪತ್ರೆಯ ಸಂಖ್ಯೆ ಮೊದಲೇ ಫೋನಿನಲ್ಲಿರಲಿ.

ಎರಡು ವಾರ ಕೊರಳಿಗೆ ಬೆಲ್ಟು ಕಟ್ಟಿ ಹಿಡಿದೇ ಹೊರಗೆ ಕರೆದೊಯ್ಯಿರಿ, ಮಲಮೂತ್ರಕ್ಕೆ ಮಾತ್ರ. ಲಿಫ್ಟ್ ಇಲ್ಲದ ಕಟ್ಟಡದವರು ಹೊಟ್ಟೆಯಡಿ ಟವೆಲ್ ಹಾಕಿ ಹಿಂಭಾಗವನ್ನು ಎತ್ತಿ ಹಿಡಿದು ಇಳಿಸಿ. ಅಪಾಯದ ದಿನಗಳು ಇವಲ್ಲ, ಮೂರನೇ ವಾರದವು. ನೋವಿಳಿದ ನಾಯಿ ತನಗೆ ಎರಡು ವರ್ಷ ಎಂದುಕೊಂಡು ಬೆಕ್ಕಿನ ಹಿಂದೆ ಓಡುತ್ತದೆ. ದಿನಕ್ಕೆ ಐದು ನಿಮಿಷದ ನಡಿಗೆಯಿಂದ ಶುರುಮಾಡಿ, ವಾರಕ್ಕೈದು ನಿಮಿಷ ಏರಿಸಿ. ನೀರಿನೊಳಗಿನ ಟ್ರೆಡ್‌ಮಿಲ್ ಇರುವ ಫಿಸಿಯೋಥೆರಪಿ ಕೇಂದ್ರ ಹತ್ತಿರದಲ್ಲಿದ್ದರೆ, ಗಾಯ ಪೂರ್ತಿ ಮಾಯ್ದ ಮೇಲೆ ಬಳಸಿಕೊಳ್ಳಿ.

8. ಅರವತ್ತನೆಯ ದಿನದ ಲೆಕ್ಕ

ಹಳೆಯ ವಿಡಿಯೋ, ಹೊಸ ವಿಡಿಯೋ ಎರಡನ್ನೂ ದಿನಾಂಕ ಮುಚ್ಚಿ, ನಾಯಿಯನ್ನು ದಿನವೂ ನೋಡದ ಒಬ್ಬರಿಗೆ ತೋರಿಸಿ. ಪುಣೆಯಲ್ಲಿರುವ ತಂಗಿಗೋ ಹುಬ್ಬಳ್ಳಿಯ ಭಾವನಿಗೋ ವಾಟ್ಸಾಪ್ ಮಾಡಿದರೂ ಸರಿ. ಯಾವುದರಲ್ಲಿ ಚೆನ್ನಾಗಿ ನಡೆಯುತ್ತಿದೆ ಎಂದಷ್ಟೇ ಕೇಳಿ. ಕ್ಯಾಲೆಂಡರಿನ ಅಂಕಗಳನ್ನು ಕೂಡಿಸಿ. ತೊಂಬತ್ತನೆಯ ದಿನ ಮತ್ತೊಮ್ಮೆ. ಎರಡೂ ಸಲ ಬದಲಾವಣೆ ಕಾಣದಿದ್ದರೆ "ಇನ್ನೊಂದು ಡೋಸ್ ಹಾಕೋಣ" ಎಂಬ ಮಾತಿಗೆ ಒಪ್ಪುವ ಮುನ್ನ ಮೊದಲ ಹಂತದ ಎಕ್ಸ್‌ರೇ ಹಿಡಿದು ಮೂಳೆ ತಜ್ಞರೊಬ್ಬರ ಬಳಿ ಹೋಗಿ, ಸೊಂಟಕ್ಕೆ ಶಸ್ತ್ರಚಿಕಿತ್ಸೆಯ ದಾರಿ ಇದೆಯೇ ಎಂದು ಕೇಳಿ. ಗುಣ ಕಂಡಿದ್ದರೆ ಅದು ತಿಂಗಳುಗಳ ಲೆಕ್ಕದ್ದು, ಜೀವಮಾನದ್ದಲ್ಲ. ನೋವು ಮರಳಿದ ದಿನವನ್ನೂ ಬರೆದಿಡಿ, ಎರಡನೇ ಸಲ ಹಾಕಿಸಬೇಕೇ ಎಂಬ ಪ್ರಶ್ನೆ ಬಂದಾಗ ವೈದ್ಯರು ಮೊದಲು ಕೇಳುವುದು ಆ ದಿನಾಂಕವನ್ನೇ.